ಏಳು ತಲೆಮಾರಿನ ವಂಶೀಯತ

ಕೇರಳದ ಟೀವಿ ಚಾನೆಲ್ಲುಗಳಲ್ಲಿ ಕೂತು ವಾದಿಸುವ ಪಂಡಿತರಲ್ಲಿ ನಮ್ಮ ಮಾವನವರ ಕೈಯಲ್ಲಿ ಸೋಲದವರು ಒಬ್ಬರೂ ಇಲ್ಲ. ವಕೀಲರು, ಪ್ರೊಫೆಸರುಗಳು, ಮಾಜಿ ಮಂತ್ರಿಗಳು, ಎಲ್ಲರ ಬಾಯನ್ನೂ ಅವರು ನಮ್ಮ ನಡುಮನೆಯ ಕುರ್ಚಿಯಲ್ಲಿ ಕೂತೇ ಮುಚ್ಚಿಸಿದ್ದಾರೆ. ಸೋತವರಿಗೆ ತಾವು ಸೋತದ್ದು ಗೊತ್ತಾಗಿಲ್ಲ, ಅಷ್ಟೆ!

ಸಂಜೆಯ ಚರ್ಚೆಗೆ ಮೊದಲು ಅವರು ಸ್ನಾನ ಮಾಡಿ, ತಲೆ ಬಾಚಿ, ಇಸ್ತ್ರಿ ಮಾಡಿದ ಬಿಳಿ ಶರಟು ತೊಟ್ಟು, ಕುತ್ತಿಗೆಯ ಗುಂಡಿಯವರೆಗೂ ಹಾಕಿಕೊಳ್ಳುತ್ತಾರೆ. ಕೆಳಗೆ ಮಾತ್ರ ಹಗಲೆಲ್ಲ ಮೆಣಸಿನ ಬಳ್ಳಿ ಕಟ್ಟುವಾಗ ಉಟ್ಟಿದ್ದ ಅದೇ ಕಲೆಯ ಲುಂಗಿ. ‘ಸೊಂಟದ ಕೆಳಗೆ ಟೀವೀಲಿ ಯಾರಿಗೆ ಕಾಣ್ತದೆ?’ ಎನ್ನುವುದು ಅವರ ವಾದ. ಸೊಂಟದ ಮೇಲೆ ಯಾರಿಗೆ ಕಾಣುತ್ತದೆ ಎಂದು ನಾನು ಕೇಳಲಿಲ್ಲ. ಕಾನ್ವೆಂಟಿನಲ್ಲಿ ಓದಿದವಳು ನಾನು. ಹಿರಿಯರಿಗೆ ಎದುರು ಮಾತಾಡಬೇಕು ಅನ್ನಿಸಿದಾಗಲೆಲ್ಲ ಬಟ್ಟೆ ತೆಗೆದುಕೊಂಡು ಏನನ್ನಾದರೂ ಒರೆಸಲು ಶುರುಮಾಡುತ್ತೇನೆ. ನಮ್ಮ ಮನೆ ಇಷ್ಟು ಫಳಫಳ ಹೊಳೆಯುವುದಕ್ಕೆ ಮಾವನವರೇ ಕಾರಣ.

ಪರದೆಯ ಮೇಲೆ ಚೌಕ ಚೌಕದಲ್ಲಿ ಮುಖಗಳು ಮೂಡಿದ ಕೂಡಲೇ ಮಾವನವರು ಕೈ ಎತ್ತುತ್ತಾರೆ. ನಿರೂಪಕ ಅವಕಾಶ ಕೊಡುವುದಿಲ್ಲ. ‘ಒಂದು ನಿಮಿಷ ಕೊಡಪ್ಪಾ!’ ಎನ್ನುತ್ತಾರೆ. ಆತ ಜಾಹೀರಾತಿಗೆ ಹೋಗುತ್ತಾನೆ. ‘ನೋಡಿದ್ರಾ, ನಾನು ಕೈ ಎತ್ತಿದ ತಕ್ಷಣ ಓಡಿಹೋದ!’

ಅತ್ತೆಗೆ ಇದರಿಂದ ಬಂದಿರುವ ಬೇಸರ ಎರಡು ಭಾಷೆಯದು. ಮಲಯಾಳದಲ್ಲಿ ‘ಸಂಸಾರ’ ಅಂದರೆ ಮಾತು, ಕನ್ನಡದಲ್ಲಿ ಹೆಂಡತಿ ಮಕ್ಕಳು ಎಂದು ಗಡಿಯಿಂದೀಚೆ ಕೇರಳದಲ್ಲಿರುವ ನಮ್ಮಂಥ ಕನ್ನಡದವರಿಗೆ ಹೇಳಿಕೊಡಬೇಕಿಲ್ಲ. ‘ಇವರ ಮಲಯಾಳದ ಸಂಸಾರ ಜಾಸ್ತಿ ಆಗಿ ನನ್ನ ಕನ್ನಡದ ಸಂಸಾರ ಹಾಳಾಯ್ತು ಕಣೇ’ ಎಂದು ಅತ್ತೆ ತರಕಾರಿ ಹೆಚ್ಚುತ್ತಾ ಹೇಳಿದರೆ, ಚಾಕು ಮಣೆಗೆ ಬಡಿಯುವ ಸದ್ದು ಚರ್ಚೆಯನ್ನೂ ಮೀರಿ ಕೇಳುತ್ತದೆ.

ಮಾವನವರ ಭಾಷಾಜ್ಞಾನದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋದರೆ ನೀವು ಅವರನ್ನು ತಪ್ಪು ತಿಳಿಯುತ್ತೀರಿ. ಬಾವಲಿ ಹೊಳೆಯಾಚೆಯ ಕನ್ನಡ ಶಾಲೆಯಲ್ಲಿ ನಾಲ್ಕು ಅಕ್ಷರ ಕಲಿತವರು ಅವರು. ಕಾಟ್ಟಿಕುಳಂ ಪೇಟೆಯ ಮಲಯಾಳ, ಮೆಣಸಿನ ವ್ಯಾಪಾರದ ಮಲಯಾಳ, ಬಸ್ಸಿನಲ್ಲಿ ಜಗಳವಾಡುವ ಮಲಯಾಳ ಎಲ್ಲ ನೀರು ಕುಡಿದ ಹಾಗೆ. ಆದರೆ ಟೀವಿಯವರ ದೊಡ್ಡ ದೊಡ್ಡ ಪದಗಳು ಬಂದಾಗ ಅವರು ಯಾರನ್ನೂ ಕೇಳುವುದಿಲ್ಲ. ‘ಸಂಸ್ಕೃತ ಅಲ್ವಾ? ಅವರಿಗೂ ಅದೇ, ನಮಗೂ ಅದೇ’ ಎಂದು ಕನ್ನಡದ ಅರ್ಥ ಹಾಕಿಕೊಂಡು ಮುಂದೆ ನಡೆಯುತ್ತಾರೆ. ಹೀಗೆ ನಡೆದೇ ಒಮ್ಮೆ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತು, ‘ನನ್ನ ಹೆಸರು ಪಟ್ಟಿಯಲ್ಲಿ ಉಂಟೋ?’ ಎಂದು ಮಲಯಾಳದಲ್ಲಿ ಗಟ್ಟಿಯಾಗಿ ಕೇಳಿದ್ದರು. ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ! ಅಂಗಡಿಯವನು ಹೊರಗೆ ಮಲಗಿದ್ದ ನಾಯಿಯನ್ನು ಗಂಭೀರವಾಗಿ ನೋಡಿ, ‘ಕಾಣುತ್ತಿಲ್ಲವಲ್ಲ ಚೇಟ್ಟಾ’ ಎಂದನಂತೆ.

ಇನ್ನು ನಮ್ಮ ಟೀವಿ. ಮೊದಲ ಸಲ ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ: ‘ಇದೇಕೆ ಹೀಗೆ ಸೊಟ್ಟಗೆ ಇಟ್ಟಿದ್ದೀರಿ?’ ಟೀವಿ ಗೋಡೆಗೆ ನೇರವಾಗಿಲ್ಲ. ಮುನಿಸಿಕೊಂಡವರ ಹಾಗೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಕೂತಿದೆ. ನಾವು ಒಳಗಿನವರೆಲ್ಲ ಓರೆಯಾಗಿ ಕೂತು, ಕತ್ತು ಹೊರಳಿಸಿ ನೋಡಬೇಕು. ‘ಬೆಳಕು ಬೀಳ್ತದೆ, ಅದಕ್ಕೆ’ ಎನ್ನುತ್ತಾರೆ ಮಾವ. ಬೆಳಕೂ ಇಲ್ಲ, ಗಿಳಕೂ ಇಲ್ಲ. ಕಿಟಕಿಯಾಚೆ, ಗೋಡೆಗೆ ತಾಗಿದ ಜಗಲಿಯ ಮೆಟ್ಟಿಲ ಮೇಲೆ ಕೆಂಚಣ್ಣ ಕೂರುತ್ತಾನೆ.

ಕೆಂಚಣ್ಣ ಕಾಡಂಚಿನ ಪಾಡಿಯವನು, ಅಂದರೆ ಕಾಡಿನ ಜನರ ಹಾಡಿಯವನು. ಅವನ ಅಪ್ಪ, ತಾತ ಈ ಕಾಡಿನಲ್ಲಿ ಜೇನು ಇಳಿಸುತ್ತಿದ್ದ ಕಾಲಕ್ಕೆ ನಮ್ಮ ಮನೆಯವರ ಹಿರಿಯರು ಇನ್ನೂ ಹೊಳೆ ದಾಟಿರಲಿಲ್ಲ. ಈಗ ಅವನು ನಮ್ಮ ಮೆಣಸು ಕೊಯ್ಯಲು, ಗದ್ದೆ ಕೆಲಸಕ್ಕೆ ಬರುತ್ತಾನೆ. ಹೆಸರು ಕೆಂಚ, ಬಣ್ಣ ನೇರಳೆ ಹಣ್ಣಿನದು. ‘ನಿನಗೆ ಹೆಸರಿಟ್ಟವರಿಗೆ ಕಣ್ಣು ಕಾಣ್ತಿರಲಿಲ್ವೇನೋ’ ಎಂದು ಮಾವ ನಕ್ಕರೆ, ‘ಹುಟ್ಟಿದಾಗ ಕೆಂಪಗೇ ಇದ್ದೆ ಗೌಡ್ರೇ, ನಿಮ್ಮ ಗದ್ದೇಲಿ ನಿಂತು ನಿಂತು ಹಿಂಗಾಯ್ತು’ ಎನ್ನುತ್ತಿದ್ದ. ಸಂಜೆ ಬಂದು ಮೆಟ್ಟಿಲ ಮೇಲೆ ಕೂತು, ಕಿಟಕಿಯ ಸರಳು ಹಿಡಿದು ಚರ್ಚೆ ನೋಡುವನು. ಮುಗಿದ ಮೇಲೆ ಮಾವ ಸರಳಿನ ಸಂದಿಯಿಂದ ಟಾರ್ಚು ಕೊಡುವರು, ದಾರಿಯಲ್ಲಿ ಆನೆಯ ಭಯ. ಮರುಸಂಜೆ ಟಾರ್ಚಿನ ಜೊತೆ ಅವನು ಮತ್ತೆ ಹಾಜರು.

ಅವನಿಗೆ ಯಾರೂ ಒಳಗೆ ಬರಬೇಡ ಎಂದಿರಲಿಲ್ಲ. ಬಾ ಎಂದೂ ಯಾರೂ ಅಂದಿರಲಿಲ್ಲ. ಮಾವನವರು ಅವನಿಗೆ ಸರಿಯಾಗಿ ಕಾಣಲಿ ಎಂದು ಟೀವಿಯನ್ನೇ ತಿರುಗಿಸಿಟ್ಟಿದ್ದರು. ಎಂಥ ದೊಡ್ಡ ಮನಸ್ಸು ಎಂದು ಮದುವೆಯಾಗಿ ಬಂದ ಹೊಸತರಲ್ಲಿ ನನಗೂ ಅನ್ನಿಸಿತ್ತು.

ಒಂದು ಭಾನುವಾರ ಟೀವಿಯಲ್ಲಿ ನಗೆ ಕಾರ್ಯಕ್ರಮ ಬಂತು. ಇಬ್ಬರು ನಟರು ಮೈಗೆಲ್ಲ ಮಸಿ ಬಳಿದುಕೊಂಡು, ಸೊಂಟಕ್ಕೆ ಸೊಪ್ಪು ಕಟ್ಟಿಕೊಂಡು, ಕಾಡಿನ ಜನರ ವೇಷ ಹಾಕಿ ಕುಣಿದರು. ಒಡಕು ಒಡಕಾದ ಏನೋ ಮಾತಾಡಿದರು. ಮಾವ ತೊಡೆ ತಟ್ಟಿಕೊಂಡು ನಕ್ಕರು. ನಾವೂ ನಕ್ಕೆವು. ನಗುತ್ತಾ ನಗುತ್ತಾ ಅತ್ತೆ ಥಟ್ಟನೆ ನಿಲ್ಲಿಸಿ, ‘ಅಲ್ರೀ, ಇವನು ಆಡ್ತಿರೋದು ನಮ್ಮ ಮಾತಲ್ವಾ?’ ಎಂದರು. ಹೌದಲ್ಲ! ಅರ್ಧ ಕನ್ನಡ, ಅರ್ಧ ಮಲಯಾಳ, ಮಧ್ಯೆ ಒಂದು ‘ಎಂತ’. ನಾವು ದಿನಾ ಅಡಿಗೆಮನೆಯಲ್ಲಿ ಆಡುವ ಮಾತಿಗೆ ಮಸಿ ಬಳಿದಿದ್ದರು.

ಕಿಟಕಿಯಿಂದ ಕೆಂಚಣ್ಣ ನಿಧಾನವಾಗಿ ಹೇಳಿದ: ‘ಮಸಿ ಸರಿಯಾಗಿ ಹತ್ತಿಲ್ಲ ಗೌಡ್ರೇ. ಕಿವಿ ಹಿಂದೆ ಬೆಳ್ಳಗೇ ಇದೆ.’

ಅದಕ್ಕೂ ನಾವು ನಕ್ಕೆವು. ಅವನು ನಕ್ಕನೋ ಇಲ್ಲವೋ, ಕಿಟಕಿಯಾಚೆ ಕತ್ತಲಿತ್ತು.

ವಾರ ಕಳೆಯುವುದರೊಳಗೆ ಎಲ್ಲ ಚಾನೆಲ್ಲುಗಳಲ್ಲೂ ಅದೇ ಗಲಾಟೆ. ಇದು ಅವಮಾನ ಎಂದರು ಕೆಲವರು. ತಮಾಷೆ ಮಾಡಲೂ ಸ್ವಾತಂತ್ರ್ಯ ಇಲ್ಲವೇ ಎಂದರು ಇನ್ನು ಕೆಲವರು. ಕೆಳಗೆ ಕೆಂಪು ಪಟ್ಟಿಯಲ್ಲಿ (ಕನ್ನಡದ ಪಟ್ಟಿ!) ದೊಡ್ಡ ಅಕ್ಷರದ ಪ್ರಶ್ನೆ ಓಡುತ್ತಿತ್ತು: ‘ವಂಶೀಯತ ನಮ್ಮ ಮನೆಗಳಲ್ಲಿ ಇದೆಯೇ? ಪ್ರೇಕ್ಷಕರು ಕರೆ ಮಾಡಿ ಹೇಳಬಹುದು.’

ವಂಶೀಯತ! ಹುಟ್ಟು, ಮೈಬಣ್ಣ ನೋಡಿ ಮನುಷ್ಯರನ್ನು ಕೀಳು ಮೇಲು ಎನ್ನುವುದಕ್ಕೆ ಮಲಯಾಳದ ಪತ್ರಿಕೆಯವರು ಇಟ್ಟುಕೊಂಡ ಪದ. ನಮ್ಮ ಮಾವನವರಿಗೆ ಅದರಲ್ಲಿ ಕೇಳಿಸಿದ್ದು ವಂಶ. ಬೇರೆಯವರು ಏನು ಹೇಳುತ್ತಿದ್ದಾರೆ ಎಂದು ಸ್ವಲ್ಪ ಕಿವಿಗೊಟ್ಟಿದ್ದರೆ ತಿಳಿಯುತ್ತಿತ್ತೋ ಏನೋ. ಆದರೆ ಚರ್ಚೆಯಲ್ಲಿ ಯಾರಾದರೂ ಹಾಗೆ ಮಾಡುತ್ತಾರೆಯೇ?

ನಾನು ಅಡಿಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದೆ. ಮಾವನವರ ದನಿ ನಡುಮನೆಯಿಂದ ಕೇಳಿಸಿತು. ಸ್ವಲ್ಪ ಹೊತ್ತಿಗೆ ಅದೇ ಮಾತು, ಅದೇ ದನಿ, ಟೀವಿಯಿಂದಲೂ ಕೇಳಿಸಿತು! ಸೌಟು ಹಿಡಿದುಕೊಂಡೇ ಓಡಿಬಂದೆ. ಎಷ್ಟೋ ಕಾಲದಿಂದ ಸಿಗದಿದ್ದ ಚಾನೆಲ್ಲಿನ ಫೋನ್ ಲೈನು ಅವತ್ತು ಸಿಕ್ಕಿಬಿಟ್ಟಿತ್ತು. ಮಾವನವರು ಶರಟಿನ ಗುಂಡಿ ಮುಟ್ಟಿ ನೋಡಿಕೊಂಡು, ಎದ್ದು ನಿಂತು, ಮಲಯಾಳದಲ್ಲಿ ಗುಡುಗುತ್ತಿದ್ದರು:

‘ವಂಶೀಯತ ಇದೆಯಾ ಅಂತ ಕೇಳ್ತೀರಾ? ನಮ್ಮ ಮನೇಲಿ ಏಳು ತಲೆಮಾರಿನಿಂದ ಇದೆ! ನಮ್ಮ ತಾತ ಕಾಪಾಡಿಕೊಂಡು ಬಂದ್ರು, ನಮ್ಮಪ್ಪ ಬಂದ್ರು, ನಾನೂ ಬಿಟ್ಟಿಲ್ಲ, ನನ್ನ ಮಗನಿಗೂ ಹೇಳಿಕೊಟ್ಟಿದ್ದೀನಿ! ಈಗಿನ ಹುಡುಗರು ವಂಶೀಯತ ಬೇಡ ಅಂದ್ರೆ ನಾಳೆ ಮನೆಗೆ ದೀಪ ಹಚ್ಚೋರು ಯಾರು?’

ನಿರೂಪಕ ಬಾಯಿ ತೆರೆದ, ಮುಚ್ಚಿದ. ಆ ಮನುಷ್ಯನಿಗೆ ಮಾತು ಸಿಗದ ಹಾಗೆ ಮಾಡಿದ ಮೊದಲ ಕೀರ್ತಿ ನಮ್ಮ ಮಾವನವರದೇ! ಕೊನೆಗೆ ಚೌಕದಲ್ಲಿದ್ದ ಪ್ರೊಫೆಸರಮ್ಮ ಕನ್ನಡಕ ಸರಿಮಾಡಿಕೊಂಡು ಹೇಳಿದರು: ‘ಈ ಹಿರಿಯರ ಪ್ರಾಮಾಣಿಕತೆಗೆ ಧನ್ಯವಾದ. ಇಷ್ಟು ಹೊತ್ತು ಒಬ್ಬರೂ ಒಪ್ಪಿಕೊಳ್ಳದ್ದನ್ನು ಅವರು ಒಪ್ಪಿಕೊಂಡಿದ್ದಾರೆ.’

‘ಕೇಳಿದ್ರಾ? ಧನ್ಯವಾದ ಅಂದ್ರು!’ ಎಂದರು ಮಾವ. ಕಿಟಕಿಯಲ್ಲಿ ಕೆಂಚಣ್ಣ, ‘ಗೌಡ್ರ ಸೌಂಡು ಒಳಗಿಂದ್ಲೂ ಬಂತು, ಟೀವಿಯಿಂದ್ಲೂ ಬಂತು. ಆನೆ ಈ ಕಡೆ ಬರಾಕಿಲ್ಲ ಇವತ್ತು’ ಎಂದು ಟಾರ್ಚು ಹಿಡಿದು ಹೋದ. ಅವನಿಗೂ ಆ ಪದ ತಿಳಿದಿರಲಿಲ್ಲ. ತಿಳಿದಿದ್ದ ನಾನು ಟೀಪಾಯಿ ಒರೆಸಲು ಶುರುಮಾಡಿದೆ.

ಮರುದಿನ ಕಾಟ್ಟಿಕುಳಂನಲ್ಲಿ ಮಾವನವರ ಮಾತು ಎಲ್ಲರ ಫೋನಿನಲ್ಲಿತ್ತು. ಚಹದಂಗಡಿಯಲ್ಲಿ ಒಬ್ಬ ಎದ್ದು ನಿಂತು, ‘ಬನ್ನಿ ವಂಶೀಯತ ಗೌಡ್ರೇ, ಕೂತ್ಕೊಳ್ಳಿ’ ಎಂದನಂತೆ. ಮಾವನವರು ಅದನ್ನು ಬಿರುದು ಎಂದುಕೊಂಡು ಕೂತು, ಚಹ ಕುಡಿದು, ನಗುನಗುತ್ತಾ ಮನೆಗೆ ಬಂದರು! ಅತ್ತೆ ನನ್ನ ಮುಖ ನೋಡಿದರು. ‘ಓದಿದವಳು ನೀನು. ನೀನೇ ಹೇಳು.’

ಹೇಳಿದೆ. ಟೀವಿ ಸ್ಟ್ಯಾಂಡು ಒರೆಸುತ್ತಾ, ಅವರ ಮುಖ ನೋಡದೆ ಹೇಳಿದೆ.

‘ಛೇ ಛೇ ಛೇ!’ ಮಾವನವರು ಕುರ್ಚಿಯಿಂದ ಎದ್ದೇಬಿಟ್ಟರು. ‘ಅದೆಲ್ಲ ನಮ್ಮನೇಲಿ ಎಲ್ಲಿದೆ? ಮೋಳೇ, ನೀನೇ ಹೇಳು, ಈ ಮನೇಲಿ ಎಲ್ಲಾದ್ರೂ ಕಂಡಿದ್ದೀಯಾ ಅದನ್ನ?’ ನನ್ನನ್ನು ಅವರು ಕರೆಯುವುದೇ ಹಾಗೆ, ಮಲಯಾಳದ ‘ಮಗಳೇ’. ವಾದಕ್ಕೆ ನಿಂತಾಗಿನ ಅಭ್ಯಾಸದಂತೆ ಅವರ ಬೆರಳು ಟೀವಿಯ ಕಡೆ ಚಾಚಿತ್ತು. ಟೀವಿ ಕಿಟಕಿಯ ಕಡೆ ಮುಖ ಮಾಡಿ ಸೊಟ್ಟಗೆ ನಿಂತಿತ್ತು. ಕಿಟಕಿಯ ಮೂರನೆಯ ಸರಳಿನ ಬಣ್ಣ ಪೂರಾ ಹೋಗಿ, ಕೈ ಹಿಡಿದು ಹಿಡಿದು ಕಬ್ಬಿಣ ಹೊಳೆಯುತ್ತಿತ್ತು. ದಿನಾ ಮನೆಯೆಲ್ಲ ಒರೆಸುವ ನಾನು ಒರೆಸದೆಯೇ ಹೊಳೆಯುತ್ತಿದ್ದದ್ದು ಅದೊಂದೇ.

ಬೆರಳು ಮೆಲ್ಲಗೆ ಕೆಳಗಿಳಿಯಿತು.

ಅವತ್ತು ಸಂಜೆ ಕೆಂಚಣ್ಣ ಬರಲಿಲ್ಲ. ಮರುದಿನವೂ ಇಲ್ಲ. ಪಾಡಿಯ ಹುಡುಗರ ಫೋನುಗಳಿಗೂ ಆ ಮಾತು ತಲುಪಿತ್ತು, ಅರ್ಥದ ಸಮೇತ. ಕೆಲಸಕ್ಕೂ ಬೇರೆ ತೋಟಕ್ಕೆ ಹೋಗುತ್ತಿದ್ದಾನೆ ಎಂದು ನಮ್ಮ ಮನೆಯವರು ಕೇಳಿಕೊಂಡು ಬಂದರು. ಮಾವನವರು ಸ್ನಾನ ಮಾಡಿ, ಬಿಳಿ ಶರಟು ತೊಟ್ಟು, ಟೀವಿ ಹಾಕದೆ ಕೂರುತ್ತಿದ್ದರು. ‘ಟಾರ್ಚು ಅವನ ಹತ್ರಾನೇ ಇದೆ. ಕೊಡಾಕಾದ್ರೂ ಬರಬೇಕಲ್ಲ’ ಎಂದು ಯಾರಿಗೋ ಎಂಬಂತೆ ಹೇಳುವರು. ಅತ್ತೆ ರೇಗಿಸಲಿಲ್ಲ. ಮಲಯಾಳದ ಸಂಸಾರ ನಿಂತ ಮನೆಯಲ್ಲಿ ಕನ್ನಡದ ಸಂಸಾರವೂ ಸಪ್ಪಗಾಗಿತ್ತು.

ಕೊನೆಗೊಂದು ಸಂಜೆ ಕೆಂಚಣ್ಣ ಬಂದ. ಮೆಟ್ಟಿಲು ಹತ್ತಲಿಲ್ಲ. ಅಂಗಳದಲ್ಲಿ ಒಣಗಲು ಹಾಕಿದ್ದ ಮೆಣಸನ್ನು ತುಳಿಯದೆ ಸುತ್ತಿಬಂದು ನಿಂತು, ಟಾರ್ಚನ್ನು ಜಗಲಿಯ ಅಂಚಿಗೆ ಇಟ್ಟ. ‘ಹೊಸ ಸೆಲ್ಲು ಹಾಕಿದ್ದೀನಿ. ಕೊಟ್ಟು ಹೋಗಾನ ಅಂತ ಬಂದೆ.’

ಮಾವನವರು ಒಳಗೆ ಬಂದು, ಎರಡೂ ಕೈಯಲ್ಲಿ ಟೀವಿ ಹಿಡಿದು, ಗರ್ರೆಂದು ತಿರುಗಿಸಿ ಗೋಡೆಗೆ ನೇರ ಮಾಡಿಬಿಟ್ಟರು! ಕಿಟಕಿಗೆ ಈಗ ಟೀವಿಯ ಬೆನ್ನು. ‘ಅಯ್ಯೋ, ಇದೆಂತ ಮಾಡ್ತಿದ್ದೀರಿ?’ ಎಂದು ಅತ್ತೆ ಬಾಯಿಗೆ ಸೆರಗು ಹಚ್ಚಿದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಮಾವನವರು ಬಾಗಿಲಿಗೆ ಬಂದು ನಿಂತು, ಗಂಟಲು ಸರಿಮಾಡಿಕೊಂಡು ಹೇಳಿದರು: ‘ಅಲ್ಲಿಂದ ಇನ್ಮೇಲೆ ಕಾಣಾಕಿಲ್ಲ ಕೆಂಚಾ. ಒಳಗೆ ಬಾ.’

ಕೆಂಚಣ್ಣ ತಲೆ ಕೆರೆದುಕೊಂಡ. ಟೀವಿಯ ಬೆನ್ನು ನೋಡಿದ, ಮಾವನವರ ಶರಟು ನೋಡಿದ, ಕಲೆಯ ಲುಂಗಿ ನೋಡಿದ.

‘ಬ್ಯಾಡ ಗೌಡ್ರೇ. ಇಷ್ಟು ವರ್ಷ ಆದ್ಮೇಲೆ ಒಳಗೆ ಬಂದು ನಾನೇನು ನೋಡ್ಲಿ? ಇಲ್ಲಿಂದ ಟೀವೀನೂ ಕಾಣ್ತಿತ್ತು, ನೀವು ಕೈ ಎತ್ತೋದೂ ಕಾಣ್ತಿತ್ತು. ಒಳಗೆ ಬಂದ್ರೆ ಒಂದೇ ಕಾಣಾದು.’

ಮಾವನವರು ತಾವೇ ಹೊಸಿಲು ದಾಟಿ, ಜಗಲಿ ದಾಟಿ, ಇಸ್ತ್ರಿಯ ಬಿಳಿ ಶರಟಿನಲ್ಲಿ ಆ ಮೆಟ್ಟಿಲ ಮೇಲೆ ಕೂತು, ಪಕ್ಕದ ಜಾಗವನ್ನು ಅಂಗೈಯಲ್ಲಿ ಒರೆಸಿದರು. ಕೆಂಚಣ್ಣ ಬಂದು ಕೂತ. ಮಾವನವರು ಅವನ ಸರಳನ್ನು ಹಿಡಿದು ಮೊದಲ ಸಲ ಆ ಕಡೆಯಿಂದ ಕಿಟಕಿಯೊಳಗೆ ಇಣುಕಿದರು. ಒಳಗೆ ದೀಪ ಉರಿಯುತ್ತಿತ್ತು. ಅತ್ತೆ ಇದ್ದರು, ಬಟ್ಟೆ ಹಿಡಿದ ನಾನಿದ್ದೆ, ಖಾಲಿ ಕುರ್ಚಿ ಇತ್ತು.

‘ನಾವೇ ಟೀವಿಯೊಳಗೆ ಇದ್ದಂಗೆ ಕಾಣ್ತದಲ್ಲೋ ಇಲ್ಲಿಂದ’ ಎಂದರು.

‘ಹ್ಞೂ ಮತ್ತೆ. ಸೌಂಡು ಒಂದು ಕಮ್ಮಿ ಮಾಡಾಕಾಗಾಕಿಲ್ಲ.’

ಅತ್ತೆಗೆ ನಗು ತಡೆಯಲಾಗಲಿಲ್ಲ. ಮಾವನವರು ನಗಲಿಲ್ಲ. ಅವರ ಕೈ ನಿಧಾನವಾಗಿ ಮೇಲೆ ಹೋಯಿತು, ದಿನಾ ಸಂಜೆ ನಿರೂಪಕನ ಮುಂದೆ ಹೋಗುತ್ತಿದ್ದ ಹಾಗೆಯೇ. ಆದರೆ ಈ ಸಲ ಅವರು ನೋಡುತ್ತಿದ್ದದ್ದು ಕೆಂಚಣ್ಣನ ಮುಖವನ್ನು.

‘ಕೆಂಚಾ, ನಾನೊಂದು ಮಾತು ಹೇಳಲಾ?’

‘ಹೇಳಿ ಗೌಡ್ರೇ,’ ಎಂದ ಕೆಂಚಣ್ಣ. ‘ಒಂದು ನಿಮಿಷ ಕೊಟ್ಟಿದ್ದೀನಿ.’

ವರ್ಷಗಟ್ಟಲೆ ಬೇಡಿದ್ದ ಆ ಒಂದು ನಿಮಿಷ ಕೊನೆಗೂ ಸಿಕ್ಕಿತ್ತು. ಮಾವನವರ ತುಟಿ ಅಲುಗಿತು. ಕುತ್ತಿಗೆಯ ಗುಂಡಿ ಬಿಚ್ಚಿಕೊಂಡರು. ಕೇರಳದ ಪಂಡಿತರನ್ನೆಲ್ಲ ಸೋಲಿಸಿದ ಬಾಯಿಂದ ಒಂದೇ ಒಂದು ಶಬ್ದ ಹೊರಡಲಿಲ್ಲ. ನಿಮಿಷ ಕಳೆಯಿತು, ಇನ್ನೂ ಸ್ವಲ್ಪ ಕಳೆಯಿತು. ಕೆಂಚಣ್ಣ ಮಧ್ಯೆ ಬಾಯಿ ಹಾಕಲಿಲ್ಲ. ಕಾದ.