ಒಡೆದ ಮುತ್ತಜ್ಜ

ಈ ಕತೆಯನ್ನು ಮೊದಲು ಹೇಳಿದವಳು ಯೂಫ್ರಟಿಸ್ ನದಿಯ ಅಂಬಿಗನ ಹೆಂಡತಿ ರೋದೋಗುನೆ. ಗೋಧಿಯ ಕೊಯ್ಲು ಮುಗಿದ ಮೂರನೆಯ ಸಂಜೆ, ದಂಡೆಯಲ್ಲಿ ಕೂತವರಿಗೆ.

ರಾಜನ ಹುಟ್ಟುಹಬ್ಬದ ಬೆಳಿಗ್ಗೆ ಕಲ್ಲುಕುಟಿಗ ಬಗದಾತ ಬೆಟ್ಟದ ಮೇಲೆ ರಾಜವಂಶದ ಹಿರಿಯರ ಶಿಲೆಗಳನ್ನು ತೊಳೆಯುತ್ತಿದ್ದ. ಒಂದು ಸಾಲಿನಲ್ಲಿ ತಂದೆಯ ಕಡೆಯ ಪಾರಸಿಕರು, ಎದುರು ಸಾಲಿನಲ್ಲಿ ತಾಯಿಯ ಕಡೆಯ ಗ್ರೀಕರು. ರೋಮಿನ ದಯೆಯಿಂದ ಕಿರೀಟ ಉಳಿಸಿಕೊಂಡಿದ್ದ ಆ ಸಣ್ಣ ದೊರೆಗೆ ಹೇಳಿಕೊಳ್ಳಲು ಇದ್ದದ್ದೇ ಈ ಎರಡು ಸಾಲು. ಬಗದಾತನ ಏಣಿ ಜಾರಿತು. ಪಾರಸಿಕರ ಏಳನೆಯ ಮುತ್ತಜ್ಜ ಉರುಳಿ, ಗಾಡಿಯಿಂದ ಬಿದ್ದ ಕಲ್ಲಂಗಡಿಯಂತೆ ಹೋಳಾದ.

ಮಧ್ಯಾಹ್ನ ರಾಜನು ಪ್ರತಿಯೊಬ್ಬ ಹಿರಿಯನ ಮುಂದೆಯೂ ಧೂಪ ಹಾಕುವುದು ಪದ್ಧತಿ. ಈ ಸಲ ರೋಮಿನ ಅಧಿಕಾರಿಯೂ ಬರುವವನಿದ್ದ. ಶಿಲೆ ಕೆಡಿಸಿದವನ ಕೈ ಕತ್ತರಿಸಬೇಕೆಂಬ ಶಾಸನವನ್ನು ಕೆತ್ತಿದವನೂ ಬಗದಾತನೇ.

ಜೊತೆಯ ಕುಟಿಗರು ನೆರೆದರು. ಎದುರು ಸಾಲಿನಲ್ಲೂ ಒಬ್ಬನನ್ನು ಕೆಡವಿದರೆ ಸಮವಾಗುತ್ತದೆಂದು ಒಬ್ಬ. ಗ್ರೀಕನೊಬ್ಬನಿಗೆ ಪಾರಸಿಕರ ಷರಾಯಿ ಕೆತ್ತಿ ಈಚೆ ತರೋಣವೆಂದು ಇನ್ನೊಬ್ಬ. ಧೂಪದ ಪೂಜಾರಿ ಮೆನೆಡೆಮ ಮಾತ್ರ ಬಗದಾತನ ಬಲಗೈಯನ್ನೇ ನೋಡುತ್ತ, "ಎಡಗೈಲಿ ಊಟ ಮಾಡೋದು ಈಗ್ಲೇ ರೂಢಿ ಮಾಡ್ಕೊಳಪ್ಪ," ಎಂದ.

"ಸ್ವಾಮಿ, ನಮ್ಮಜ್ಜನ ರೂಪ ಕೆತ್ತಿದ ಗೋರಿಕಲ್ಲಿದೆ. ತಂದು ನಿಲ್ಸಲಾ?" ಎಂದ ಬಗದಾತ.

"ನಿಮ್ಮಜ್ಜ ಕತ್ತೆ ವ್ಯಾಪಾರಿ ಅಲ್ವೇನೋ?"

"ಕಲ್ಲಿಗೆ ಕತ್ತೆ ವಾಸನೆ ಬರಲ್ಲ, ಸ್ವಾಮಿ."

ಹೋಳುಗಳನ್ನು ಮರೆಮಾಡಿ ಅಜ್ಜನ ಕಲ್ಲು ನಿಲ್ಲಿಸಿದ ಮೇಲೆಯೇ ಬಗದಾತ ಅದರ ಉಡುಪನ್ನು ಗಮನಿಸಿದ್ದು. ಪಾರಸಿಕರು, ಗ್ರೀಕರು ಇಬ್ಬರಿಗೂ ಕತ್ತೆ ಮಾರಬೇಕಾಗಿದ್ದ ಅಜ್ಜ, ತಲೆಗೆ ಪಾರಸಿಕರ ಚೂಪು ಟೊಪ್ಪಿಗೆ, ಮೈಗೆ ಗ್ರೀಕರ ಹೊದಿಕೆ ಧರಿಸಿ ನಿಂತಿದ್ದ. ಬದಲಿಸಲು ಹೊತ್ತಿರಲಿಲ್ಲ, ಕಹಳೆ ಕೇಳಿಸಿತು.

ಏಳನೆಯ ಶಿಲೆಯ ಮುಂದೆ ರಾಜ ನಿಂತುಬಿಟ್ಟ. ರಾಜನನ್ನು ಬೆರಕೆಯವನೆಂದು ಎರಡು ಕಡೆಯ ನಂಟರೂ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಅವನ ಕಣ್ಣು ತುಂಬಿ ಬಂತು.

"ನೋಡಿ, ಈ ಹಿರಿಯರು ಆಗ್ಲೇ ನನ್ ಹಾಗೇ ಇದ್ರು," ಎಂದು ಇಮ್ಮಡಿ ಧೂಪ ಹಾಕಿದ.

ಬಗದಾತನಿಗೆ ಹೋದ ಜೀವ ಬಂತು. ಆದರೆ ರೋಮಿನ ಅಧಿಕಾರಿ ಕಲ್ಲಿನ ಗಿಣಿಮೂಗನ್ನು ನೋಡಿ, ಅನಂತರ ಬಗದಾತನ ಮೂಗನ್ನು ನೋಡಿದ.

"ಇವ್ನು ನಿಮ್ ರಕ್ತದವನೇ ಇರ್ಬೇಕು, ಅಲ್ವೇ ದೊರೆಗಳೇ? ನಿಮ್ಮ ನಿಷ್ಠೆಗೆ ಒತ್ತೆಯಾಗಿ ವಂಶದವರೊಬ್ಬರನ್ನ ರೋಮಿಗೆ ಕರ್ಕೊಂಡು ಹೋಗ್ಬೇಕು. ನಿಮ್ಮ ಮಗನನ್ನ ಕೇಳೋಣ ಅಂತಿದ್ದೆ."

ರಾಜನಿಗೆ ಇದ್ದವನು ಒಬ್ಬನೇ ಮಗ. ರಾಜ ಓಡಿಬಂದು ಕಲ್ಲುಪುಡಿ ಮೆತ್ತಿದ ಬಗದಾತನನ್ನು ತಬ್ಬಿಕೊಂಡ. "ತಮ್ಮಾ, ಎಲ್ಲಿದ್ಯಪ್ಪ ಇಷ್ಟು ದಿನ?"

ಅಜ್ಜನ ಕಸುಬು ಹೇಳಿದರೆ ಕೈ ಹೋಗುತ್ತಿತ್ತು. ಹೇಳದಿದ್ದರೆ, ದೊರೆ ರೋಮಿನ ವಿರುದ್ಧ ತಿರುಗಿಬಿದ್ದ ದಿನ ಒತ್ತೆಯವನ ತಲೆ. ದೊರೆ ಕಣ್ಣಲ್ಲೇ ಬೇಡುತ್ತಿದ್ದ.

"ಇಲ್ಲೇ ಇದ್ದೆ, ಅಣ್ಣಾ," ಎಂದ ಬಗದಾತ.

ರೋದೋಗುನೆ ಅಲ್ಲಿಗೆ ನಿಲ್ಲಿಸಿದಳು. ಕೇಳುತ್ತಿದ್ದವರು ಬಟ್ಟೆಯ ಮರಳು ಕೊಡವಿ ಎದ್ದು, ಮನೆಗಳ ಕಡೆ ನಡೆದರು.