ಬೆಂಚಿನ ಮೇಲಿನ ಈಜು

ಎಲ್ಲ ಶುರುವಾಗಿದ್ದು ಒಂದು ಬಕೆಟ್ ನೀರಿನಿಂದ. ಅದೂ ನೆಲ ಒರೆಸಿದ ನೀರು.

ಭೂಗೋಳದ ಮೇಷ್ಟ್ರು ಅವತ್ತು ಇಸ್ತ್ರಿ ಕೆಡದ ಹಾಗೆ ಕೈಕಾಲು ಅಗಲಿಸಿಕೊಂಡು ಗರಿಗರಿಯಾಗಿ ಶಾಲೆಗೆ ಹೊರಟಿದ್ದರು. ಮಹಡಿ ಮನೆಯ ಟೈಲರನ ಹೆಂಡತಿ ಮೇಲಿನಿಂದ ಬಕೆಟ್ ಬಗ್ಗಿಸಿದಳು. ಅವಳು ಕೆಳಗೆ ನೋಡಿ ನೀರು ಚೆಲ್ಲಿದ್ದನ್ನು ಆ ಬೀದಿಯಲ್ಲಿ ಹುಟ್ಟಿದವರೂ ಕಂಡಿಲ್ಲ, ಸತ್ತವರೂ ಕಂಡಿಲ್ಲ. ಮೇಷ್ಟ್ರು ಮನೆಗೆ ವಾಪಸ್ಸು ಓಡಿ, ಬಟ್ಟೆ ಬದಲಾಯಿಸಿ, ಹೆಗಲಿಗೊಂದು ಟವೆಲ್ ಏರಿಸಿ, ಒದ್ದೆ ತಲೆಯಲ್ಲೇ ಶಾಲೆ ಮುಟ್ಟಿದರೆ, ಗೇಟಿನಲ್ಲಿ ಹೆಡ್‌ಮಿಸ್ಸು ನಿಂತಿದ್ದರು. ಎಲ್ಲರೂ ಅವರನ್ನು ದೊಡ್ಡ ಮೇಡಂ ಅನ್ನುವುದು. ಅವರು ಬಾಗಿಲಲ್ಲಿ ನಿಂತರೆ ಒಳಗೆ ಬೆಳಕು ಹೋಗದು, ಅಷ್ಟು ದೊಡ್ಡವರು.

"ಏನ್ ಮೇಷ್ಟ್ರೇ, ಈಜಿ ಬಂದ್ರಾ?"

ಕಂಡವರ ಮನೆ ನೆಲ ಒರೆಸಿದ ನೀರು ತಲೆ ಮೇಲೆ ಬಿತ್ತು ಅಂತ ಹೆಂಗಸಿನ ಮುಂದೆ ಹೇಳುವುದಕ್ಕೆ ಯಾವ ಗಂಡಸಿಗೆ ನಾಲಿಗೆ ಹೊರಳುತ್ತದೆ?

"ಹೂಂ ಮೇಡಂ. ದಿನಾ ಅಭ್ಯಾಸ," ಅಂದುಬಿಟ್ಟರು.

ಈ ಮನುಷ್ಯನಿಗೂ ನೀರಿಗೂ ಹುಟ್ಟಿದಾಗಿನಿಂದ ಆಗಿಬರದು. ಸ್ನಾನಕ್ಕೆ ಹೋದರೆ ಹೆಂಡತಿಯನ್ನು ಬಚ್ಚಲ ಬಾಗಿಲಲ್ಲಿ ಕಾವಲು ನಿಲ್ಲಿಸಿ, ಲೋಟದಲ್ಲಿ ನೀರು ಹೊಯ್ದುಕೊಳ್ಳುವವರು. ತರಗತಿಯಲ್ಲಿ ಭೂಪಟ ತೂಗುಹಾಕಿದರೆ ಮಹಾಸಾಗರದ ಪಾಠವನ್ನು ಮಾತ್ರ ಬಾಗಿಲ ಹತ್ತಿರ ನಿಂತು ಮಾಡುವವರು, ಎಲ್ಲಾದರೂ ತುಳುಕಿದರೆ ಓಡಬೇಕಲ್ಲ.

ಅದಾದ ಸ್ವಲ್ಪ ದಿನಕ್ಕೆ ಮೇಲಧಿಕಾರಿಗಳಿಂದ ಅಪ್ಪಣೆ ಬಂತು. ಸರ್ಕಾರಿ ಹೈಸ್ಕೂಲಿನ ಮಕ್ಕಳೇನು ಕಡಿಮೆ, ಅವರಿಗೂ ವಿಶೇಷ ತರಗತಿಗಳು ಇರಬೇಕು ಅಂತ. ದೊಡ್ಡ ಮೇಡಂ ಸ್ಟಾಫ್ ರೂಮಿನಲ್ಲಿ ನಿಂತು ತರಗತಿ ಹಂಚಿದರು. ವಿಜ್ಞಾನದ ಮಿಸ್ಸಿನ ಹತ್ತಿರ ಬರ್ನರ್ ಇತ್ತು, ಹಾಗಾಗಿ ಅಡುಗೆ. ಡ್ರಿಲ್ ಮೇಷ್ಟ್ರ ಹತ್ತಿರ ಸೀಟಿ ಇತ್ತು, ಹಾಗಾಗಿ ಬ್ಯಾಂಡು. ಭೂಗೋಳದ ಮೇಷ್ಟ್ರ ಹತ್ತಿರ ಟವೆಲ್ ಇತ್ತು.

"ಈಜು ನಿಮಗೆ. ಬೇಡ ಅನ್ನಬೇಡಿ. ಯಾರ ತರಗತಿ ನಡೆಯಲ್ವೋ ಅವರನ್ನ ದ್ವೀಪದ ಶಾಲೆಗೆ ಎತ್ತಿ ಹಾಕ್ತಾರಂತೆ."

ದ್ವೀಪ ಅಂದ ಕೂಡಲೇ ಮೇಷ್ಟ್ರು ದೋಣಿಯಲ್ಲೇ ಕೂತವರ ಹಾಗೆ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಸುತ್ತ ಸಮುದ್ರ. ಹೋಗುವುದಕ್ಕೆ ಒಂದು ಹಳೇ ದೋಣಿ, ಅದರಲ್ಲಿ ಕೂರುವ ಜನಕ್ಕಿಂತ ನೀರು ಎತ್ತಿ ಚೆಲ್ಲುವ ಜನವೇ ಜಾಸ್ತಿ. ಅಲ್ಲಿಗೆ ಹೋದ ಮೇಷ್ಟ್ರುಗಳೆಲ್ಲ ಬಾರದ ಕಾಯಿಲೆ ಬರಿಸಿಕೊಂಡು ಓಡಿಬಂದಿದ್ದರು.

"ಈಜೇ ಕೊಡಿ ಮೇಡಂ," ಅಂದರು ಮೇಷ್ಟ್ರು.

ಶಾಲೆಯಲ್ಲಿ ಕೊಳವಿಲ್ಲ. ಮೇಷ್ಟ್ರಿಗೆ ಅದೇ ಬೇಕಾಗಿತ್ತು. ಮಕ್ಕಳನ್ನು ಬೆಂಚುಗಳ ಮೇಲೆ ಬೋರಲು ಮಲಗಿಸಿ, ಗಾಳಿಯಲ್ಲಿ ಕೈಕಾಲು ಬಡಿಸುತ್ತಿದ್ದರು. ಮಲಗಿಕೊಂಡು ಕಲಿಯುವ ವಿದ್ಯೆ ಇದೊಂದೇ ಅಂತ ಮಕ್ಕಳು ಮುಗಿಬಿದ್ದು ಸೇರಿದರು. ಅವರಲ್ಲಿ ಕಪ್ಪೆ ಅಂತ ಅಡ್ಡಹೆಸರಿನ ಒಬ್ಬ ಹುಡುಗಿ, ಬಾಯಿ ಜೋರು.

"ಸಾರ್, ಗೋಡೆ ಬಂತು. ತಿರುಗ್ಲಾ?"

"ತಿರುಗಮ್ಮ. ಬೆಂಚು ಮುರೀಬೇಡ."

ಹೀಗೆ ಯಾರೂ ಒದ್ದೆಯಾಗದೆ ತರಗತಿ ಚೆನ್ನಾಗಿಯೇ ನಡೆದುಕೊಂಡು ಹೋಗುತ್ತಿತ್ತು. ಅಷ್ಟರಲ್ಲಿ ತಪಾಸಣೆಗೆ ಇಲಾಖೆಯ ಸಾಹೇಬರು ಬರುತ್ತಾರೆ ಅಂತ ಸುದ್ದಿ ಬಂತು.

ಸಾಹೇಬರು ಬರುವ ದಿನ ಬೆಳಿಗ್ಗೆ ಮೇಷ್ಟ್ರ ಬಾಗಿಲಿಗೆ ಟೈಲರ್ ಬಂದು ನಿಂತ. ಕೈಯಲ್ಲಿ ಕರ್ರಗೆ ಏನೋ ಮಿನುಗುತ್ತಿತ್ತು.

"ನಮ್ಮನೆಯವಳು ನಿಮ್ಮ ಮೇಲೆ ನೀರು ಹಾಕಿದ್ದಕ್ಕೆ ನನಗೆ ನಿದ್ದೆ ಹತ್ತಿರಲಿಲ್ಲ ಮೇಷ್ಟ್ರೇ. ಈಜುಡುಪು ಹೊಲಿದಿದ್ದೀನಿ. ಕೊಡೆ ಬಟ್ಟೆ. ಕತ್ತಿಂದ ಕಾಲ್ಗಂಟಿನವರೆಗೂ. ಒಂದು ತೊಟ್ಟು ನೀರು ಒಳಗೆ ಬಂದ್ರೆ ನಾನಿನ್ನು ಕತ್ತರಿ ಮುಟ್ಟಲ್ಲ."

"ನನಗ್ಯಾಕಪ್ಪ ಇದು? ನಮ್ಮದು ಬೆಂಚಿನ ಮೇಲೆ..."

"ರೀ, ಹಾಕ್ಕೊಳ್ಳಿ," ಅಂದಳು ಹೆಂಡತಿ ಒಳಗಿನಿಂದ. "ಸಾಹೇಬರ ಮುಂದೆ ಈಜು ಮೇಷ್ಟ್ರ ಥರ ಕಾಣ್ಬೇಡ್ವಾ? ದ್ವೀಪಕ್ಕೆ ಹಾಕಿದ್ರೆ ನಾನಂತೂ ಬರಲ್ಲ. ಅಲ್ಲಿ ಬಚ್ಚಲ ಬಾಗಿಲಲ್ಲಿ ಯಾರನ್ನ ನಿಲ್ಲಿಸ್ಕೋತೀರೋ ನಿಲ್ಲಿಸ್ಕೊಳ್ಳಿ."

ಮೇಷ್ಟ್ರು ಅದನ್ನು ತೊಟ್ಟು, ಮೇಲೆ ಪ್ಯಾಂಟು ಶರಟು ಹಾಕಿಕೊಂಡರು. ನಡೆದರೆ ಸರಬರ ಸದ್ದು. ಮದುವಣಗಿತ್ತಿ ಬಂದಳೇನೋ ಅಂತ ದಾರಿಯುದ್ದಕ್ಕೂ ಜನ ತಿರುಗಿ ನೋಡಿದರು. ಹಿಂದೆಯೇ ಟೈಲರ್ ಅಂಗಡಿಗೆ ಬೀಗ ಹಾಕಿಕೊಂಡು ಬಂದ, ತನ್ನ ಹೊಲಿಗೆಯ ಮರ್ಯಾದೆ ಏನಾಗುತ್ತದೋ ನೋಡುವುದಕ್ಕೆ.

ಸಾಹೇಬರು ಒಣಕಲು ಮನುಷ್ಯ, ಮೂಗಿನ ತುದಿಯಲ್ಲಿ ಕನ್ನಡಕ. ಮೊದಲು ಬ್ಯಾಂಡು ಕೋಣೆಗೆ ಹೋದರು. ಡ್ರಿಲ್ ಮೇಷ್ಟ್ರು ದೊಡ್ಡ ಡ್ರಮ್ಮಿನ ಮೇಲೆ ಕೆನ್ನೆ ಇಟ್ಟು ನಿದ್ದೆ ಹೊಡೆಯುತ್ತಿದ್ದರು. ಅವರ ಗೊರಕೆಗೆ ಡ್ರಮ್ಮು ತಾನಾಗಿಯೇ ಗುಂಯ್‌ಗುಡುತ್ತಿತ್ತು. ಅಲ್ಲಿ ಕೇಳಿಸಿದ ಸಂಗೀತ ಅದೊಂದೇ. ಮಕ್ಕಳ ಸುಳಿವಿಲ್ಲ.

"ಇವರಿಗೆ ದ್ವೀಪ," ಅಂದರು ಸಾಹೇಬರು ಮೆಲ್ಲಗೆ, ಮಲಗಿದವರನ್ನು ಎಬ್ಬಿಸದೆ.

ಬಾಗಿಲಾಚೆ ನಿಂತಿದ್ದ ಭೂಗೋಳದ ಮೇಷ್ಟ್ರಿಗೆ ಅದು ಕೇಳಿಸಿತು. ಒಂದು ಗಳಿಗೆ ಮನಸ್ಸು ಹತ್ತಿಯ ಹಾಗೆ ಹಗುರವಾಯಿತು. ಇನ್ನು ಬೆಂಚಿನ ಪಾಠವೊಂದು ದಾಟಿದರೆ ಸಾಕು.

ಈಜು ತರಗತಿಯಲ್ಲಿ ಮಕ್ಕಳು ಬೋರಲು ಬಿದ್ದು ಧೂಳೆಬ್ಬಿಸುತ್ತಿದ್ದರು. ಸಾಹೇಬರು ಕನ್ನಡಕ ಮೇಲೆ ತಳ್ಳಿದರು.

"ನೀರೆಲ್ಲಿ?"

"ನೀರು ಇನ್ನೂ ಮಂಜೂರಾಗಿಲ್ಲ ಸಾರ್," ಅಂದರು ದೊಡ್ಡ ಮೇಡಂ.

"ಮೊದಲು ನೆಲದ ಮೇಲೆ ಗಟ್ಟಿಯಾಗಬೇಕು ಸಾರ್," ಅಂದರು ಮೇಷ್ಟ್ರು. "ನೀರು ಮುಂದಿನ ವರ್ಷದ ಪಾಠ."

"ಪಕ್ಕದ ಬೀದೀಲೇ ಊರಿನ ಈಜುಕೊಳ ಇದೆಯಲ್ಲ. ನಡೀರಿ, ಅಲ್ಲೇ ನೋಡೋಣ."

"ಇವತ್ತೇ ಯಾಕೆ ಸಾರ್? ಮಕ್ಕಳಿಗೆ ಶೀತ ಆಗುತ್ತೆ."

"ಇಷ್ಟು ಬಿಸಿಲಲ್ಲಿ ಎಂಥ ಶೀತ ಸಾರ್?" ಅಂದಳು ಕಪ್ಪೆ. ಅವಳ ಮಾತು ಮುಗಿಯುವಷ್ಟರಲ್ಲಿ ಮಕ್ಕಳೆಲ್ಲ ಬೆಂಚಿನಿಂದ ಇಳಿದು ಗೇಟಿನ ಹತ್ತಿರ ನಿಂತಾಗಿತ್ತು.

ಮೆರವಣಿಗೆ ಹೊರಟಿತು. ಮುಂದೆ ಸಾಹೇಬರು, ಹಿಂದೆ ದೊಡ್ಡ ಮೇಡಂ, ಆಮೇಲೆ ಸರಬರ ಅನ್ನುತ್ತ ಮೇಷ್ಟ್ರು, ಮಕ್ಕಳು, ಟೈಲರ್. ದಾರಿಯಲ್ಲಿ ಕ್ಷೌರದಂಗಡಿಯವನು ಒಬ್ಬನ ಅರ್ಧ ಗಡ್ಡ ಹಾಗೇ ಬಿಟ್ಟು ಸೇರಿಕೊಂಡ. ಆ ಅರ್ಧ ಗಡ್ಡದವನೂ ನೊರೆ ಸಮೇತ ಸೇರಿಕೊಂಡ.

ಕೊಳ ನೀಲಿಯಾಗಿ ಹೊಳೆಯುತ್ತಿತ್ತು. ಮೇಷ್ಟ್ರ ಕಣ್ಣಿಗೆ ಅದು ಭೂಪಟದಿಂದ ಇಳಿದುಬಂದ ಸಾಗರವೇ. ದಡದಿಂದ ಒಂದು ಮಾರು ಹಿಂದೆ ನಿಂತು, ಭೂಮಿಯ ಮೇಲೆ ನೀರು ಹೇಗೆ ಬಂತು ಅನ್ನುವಲ್ಲಿಂದ ಪಾಠ ಶುರು ಮಾಡಿದರು. ಮೋಡ ಆಯಿತು, ಮಳೆ ಆಯಿತು, ನದಿ ಆಯಿತು. ನದಿಗೆ ಅಣೆಕಟ್ಟು ಕಟ್ಟುವ ಹೊತ್ತಿಗೆ ಸಾಹೇಬರು ಆಕಳಿಸಿದರು.

"ಭೂಗೋಳ ಸಾಕು ಮೇಷ್ಟ್ರೇ. ಇಳೀರಿ."

"ಮಕ್ಕಳು ಮೊದಲು ಸಾರ್."

"ಗುರುಗಳು ಮೊದಲು."

"ಪ್ಯಾಂಟು ಬಿಚ್ಚಿ ಮೇಷ್ಟ್ರೇ," ಅಂತ ಹಿಂದಿನಿಂದ ಟೈಲರ್ ಕೂಗಿದ. "ಒಳಗಿನ ಹೊಲಿಗೆ ಎಲ್ಲರೂ ನೋಡ್ಲಿ."

ಇನ್ನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಮೇಷ್ಟ್ರು ಪ್ಯಾಂಟು ಶರಟು ಕಳಚಿ, ಮಡಿಸಿದ ಕೊಡೆಯ ಹಾಗೆ ಉದ್ದಕ್ಕೆ ಕರ್ರಗೆ ನಿಂತರು. ಅರ್ಧ ಗಡ್ಡದವನು ನಕ್ಕ ರಭಸಕ್ಕೆ ನೊರೆ ಹಾರಿ ದಡದ ಮೇಲೆ ಬಿತ್ತು. ಮೇಷ್ಟ್ರು ಅದರ ಮೇಲೇ ಕಾಲಿಟ್ಟರು. ಆ ಜಾರಿದ್ದನ್ನು ಏನು ಹೇಳುವುದು. ಕಾಲು ಒಂದು ಊರಿಗೆ, ತಲೆ ಒಂದು ಊರಿಗೆ ಹೊರಟು, ಮಧ್ಯದ ಭಾಗ ನೇರ ಕೊಳಕ್ಕೆ ಬಿತ್ತು. ಎದ್ದ ನೀರಿಗೆ ದೊಡ್ಡ ಮೇಡಂ ಸೊಂಟದವರೆಗೂ ನೆನೆದರು.

ಟೈಲರ್ ಹೇಳಿದ್ದು ನಿಜ. ಬಟ್ಟೆ ಮೂಲಕ ಒಂದು ತೊಟ್ಟೂ ಒಳಗೆ ಬರಲಿಲ್ಲ. ಕತ್ತಿನಿಂದ ಬಂತು, ಬಿಂದಿಗೆಗಟ್ಟಲೆ. ಒಳಗೆ ಬಂದ ನೀರಿಗೆ ಹೊರಗೆ ಹೋಗುವುದಕ್ಕೂ ದಾರಿ ಕೊಡದಷ್ಟು ಗಟ್ಟಿ ಹೊಲಿಗೆ. ಮೇಷ್ಟ್ರು ಕುಂಬಳಕಾಯಿಯಾಗಿ ಉಬ್ಬಿ, ಒಂದು ಸಲ ಮೇಲೆ ಬಂದು, "ಕಾಪಾಡ್ರಪ್ಪೋ" ಅಂದು, ಮತ್ತೆ ಒಳಗೆ ಹೋದರು.

ಸಾಹೇಬರು ಕನ್ನಡಕ ಸರಿಮಾಡಿಕೊಂಡು ಆಸಕ್ತಿಯಿಂದ ಬಗ್ಗಿ ನೋಡಿದರು.

ದುಡುಂ ಅಂತ ಕಪ್ಪೆ ಹಾರಿದಳು. ಹಿಂದೆಯೇ ಮಿಕ್ಕವರೂ ಹಾರಿದರು. ಒಬ್ಬ ಜುಟ್ಟು ಹಿಡಿದ, ಇಬ್ಬರು ರಟ್ಟೆ ಹಿಡಿದರು, ಕಪ್ಪೆ ಕೆಳಗಿನಿಂದ ನೂಕಿದಳು. ದಡಕ್ಕೆ ಎಳೆದು ಹಾಕಿ, ಬೋರಲು ಮಲಗಿಸಿ, ಬೆನ್ನು ಒತ್ತಿದರು. ಮೇಷ್ಟ್ರ ಬಾಯಿಂದ ಅರ್ಧ ಕೊಳ ಆಚೆ ಬಂತು. ಮಿಕ್ಕರ್ಧ ಉಡುಪಿನೊಳಗೆ ಇತ್ತು.

"ಇಷ್ಟು ಚೆನ್ನಾಗಿ ಎಲ್ಲಿ ಕಲಿತ್ರೋ?" ಅಂದರು ಮೇಷ್ಟ್ರು, ಉಸಿರು ಬಂದಷ್ಟರಲ್ಲಿ, ಮೆಲ್ಲಗೆ.

"ನಾವೆಲ್ಲ ದಿನಾ ಕಾಲುವೇಲಿ ಬೀಳೋರು ಸಾರ್," ಅಂತ ಕಪ್ಪೆ ಕಿವಿಯಲ್ಲಿ ಹೇಳಿದಳು. "ಮನೇಲಿ ಮಾತ್ರ ಹೇಳ್ಬೇಡಿ. ಚರ್ಮ ಸುಲೀತಾರೆ."

ಅಷ್ಟರಲ್ಲಿ ಚಪ್ಪಾಳೆ ಕೇಳಿಸಿತು. ಸಾಹೇಬರು ಹೊಡೆಯುತ್ತಿದ್ದರು.

"ಭೇಷ್ ಮೇಷ್ಟ್ರೇ. ಈಜು ಯಾರು ಬೇಕಾದ್ರೂ ಕಲಿಸ್ತಾರೆ. ಮುಳುಗೋರನ್ನ ಎತ್ತೋದು ಕಲಿಸಿದ್ದೀರಲ್ಲ, ಅದು ವಿಶೇಷ ತರಗತಿ ಅಂದ್ರೆ. ಮುಳುಗೋ ನಟನೆ ಬೇರೆ ಕಡೆನೂ ನೋಡಿದ್ದೀನಿ. ನೀವು ಮುಳುಗಿದ್ರಲ್ಲ, ಕಣ್ಣಲ್ಲಿ ಜೀವಭಯ ಕಾಣ್ತಿತ್ತು. ಹೇಗ್ರೀ ಮಾಡ್ತೀರಿ?"

ನಿಜ ಹೇಳಿದರೆ ದ್ವೀಪ. ಮೇಷ್ಟ್ರು ಮೂಗಿನಿಂದ ನೀರು ಸುರಿಸುತ್ತಲೇ ಎದ್ದು ಕೂತರು.

"ದಿನಾ ಅಭ್ಯಾಸ ಸಾರ್."

"ಗೊತ್ತಾಯ್ತು. ಇಂಥವರನ್ನ ನೀರಿಲ್ಲದ ಶಾಲೇಲಿ ಇಟ್ಟುಕೊಂಡು ಏನ್ ಮಾಡೋದು ಮೇಡಂ? ಮುಂದಿನ ವಾರದಿಂದ ಇವರು ದ್ವೀಪದ ಶಾಲೆಗೆ. ಸುತ್ತ ಸಮುದ್ರ, ಎಷ್ಟು ಬೇಕಾದ್ರೂ ಮುಳುಗಬಹುದು."

ಮೇಷ್ಟ್ರ ಬಾಯಿಂದ ಉಳಿದ ನೀರೂ ಹೊರಗೆ ಬಂತು. "ಸಾರ್, ಅದು... ಡ್ರಿಲ್ ಮೇಷ್ಟ್ರಿಗೆ ಅಂದಿದ್ರಲ್ಲ."

"ಅವರಿಗೆ ಏನು ಬರುತ್ತೆ ಅಂತ ಕಳಿಸ್ಲಿ? ಇಲ್ಲೇ ಮಲಗಿರ್ಲಿ."

ಮೇಷ್ಟ್ರು ಕೊನೆಯ ಆಸೆಯಿಂದ ಕಪ್ಪೆಯ ಕಡೆ ಒಮ್ಮೆ ನೋಡಿ ಕೇಳಿದರು, "ಅಲ್ಲಿನ ಮಕ್ಕಳಿಗೆ ಈಜು ಬರುತ್ತಲ್ವಾ ಸಾರ್?"

"ಒಬ್ಬರಿಗೂ ಬರಲ್ಲ," ಅಂದರು ಸಾಹೇಬರು ಸಂತೋಷದಿಂದ. "ಅದಕ್ಕೇ ನಿಮ್ಮನ್ನ ಕಳಿಸ್ತಿರೋದು."

ಸಾಯಂಕಾಲ ಮೇಷ್ಟ್ರು ಕಾಲೆಳೆದುಕೊಂಡು ಬೀದಿಗೆ ತಿರುಗಿದರು. ಅವರಿಗಿಂತ ಮುಂಚೆ ಅವರ ಕೀರ್ತಿ ಬಂದು ಮುಟ್ಟಿತ್ತು. ಬಾಗಿಲು ಬಾಗಿಲಲ್ಲಿ ಜನ. ಪಕ್ಕದಲ್ಲಿ ನಡೆಯುತ್ತಿದ್ದ ಟೈಲರ್, ಸಮುದ್ರಕ್ಕೆ ಬೇರೆ ಉಡುಪು ಹೊಲಿಯುತ್ತೇನೆ, ಈ ಸಲ ಕತ್ತಿಗೂ ದಾರ ಕಟ್ಟಿ ಬಿಗಿದುಬಿಡುತ್ತೇನೆ ಅಂತ ಸಮಾಧಾನ ಹೇಳುತ್ತಿದ್ದ. ಮನೆ ಮುಂದೆ ಬಂದರು. ಮೇಲಿನಿಂದ ಬಕೆಟ್ ಬಗ್ಗಿತು.

ಎದುರುಮನೆಯವರು ಕೈ ಮುಗಿದರು. "ಈಗಲೂ ಈಜಿಯೇ ಬಂದ್ರಾ ಮೇಷ್ಟ್ರೇ?"

ಮೇಷ್ಟ್ರಿಗೆ ಸಾಕಾಗಿತ್ತು. ಮುಖ ಒರೆಸಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. "ಇಲ್ಲ ಸ್ವಾಮಿ. ಇದು ನೆಲ ಒರೆಸಿದ ನೀರು. ನನಗೆ ಈಜೇ ಬರಲ್ಲ."

"ನೋಡ್ರಪ್ಪ," ಅಂದರು ಎದುರುಮನೆಯವರು ಬೀದಿಗೆಲ್ಲ ಕೇಳುವ ಹಾಗೆ, "ಎಷ್ಟು ದೊಡ್ಡ ಮನುಷ್ಯ ಆದ್ರೂ ಎಂಥ ವಿನಯ."