ಹುದ್ದೆಗೆ ಮೀರಿದ ದುಃಖ

ತೂಕ ಮತ್ತು ಅಳತೆ ಇಲಾಖೆಯ ನೌಕರರು ಇನ್ನುಮುಂದೆ ಒಬ್ಬೊಬ್ಬರೇ ದುಃಖಿಸತಕ್ಕದ್ದಲ್ಲವೆಂದೂ, ದುಂಡಗೆ ಕುರ್ಚಿ ಹಾಕಿಕೊಂಡು ಸಾಮೂಹಿಕವಾಗಿ ಹಗುರಾಗತಕ್ಕದ್ದೆಂದೂ ಸುತ್ತೋಲೆ ಬಂದಿತು. ಗುಂಪು ಚಿಕಿತ್ಸೆಯ ಪ್ರಯೋಜನಗಳನ್ನು ಅದರಲ್ಲಿ ವಿವರಿಸಲಾಗಿತ್ತು. ಪ್ರಯೋಜನ ಪಡೆಯದವರ ಬಡ್ತಿಯನ್ನು ತಡೆಹಿಡಿಯಲಾಗುವುದೆಂಬುದು ಕೊನೆಯ ಪ್ರಯೋಜನ.

ಟಪಾಲು ಗುಮಾಸ್ತೆಗೆ ಮಾತ್ರ ಹೋದ ಜೀವ ಬಂದಂತಾಯಿತು. ಅಮ್ಮ ತೀರಿಕೊಂಡಾಗಿನಿಂದ ಅವಳು ಅತ್ತೇ ಇರಲಿಲ್ಲ. ಮನೆಯಲ್ಲಿ ಅವಳೂ ತಂಗಿಯೂ ಒಬ್ಬರೆದುರು ಒಬ್ಬರು ಗಟ್ಟಿಗಿತ್ತಿಯರಂತೆ ನಟಿಸುತ್ತ ಓಡಾಡುತ್ತಿದ್ದರು. ಎಲ್ಲಾದರೂ ಒಮ್ಮೆ ಬಾಯಿಬಿಟ್ಟು ಅತ್ತರೆ ಸಾಕಾಗಿತ್ತು ಅವಳಿಗೆ.

ಮೊದಲ ಸಭೆಯಲ್ಲಿ ಕೈಯೆತ್ತಿ, "ನಮ್ಮಮ್ಮ ಹೋಗಿಬಿಟ್ರು" ಎಂದಳು.

ಕಚೇರಿಯ ಮುಖ್ಯಸ್ಥರಾದ ಸಾಹೇಬರ ಮುಖ ಸಪ್ಪಗಾಯಿತು. ಅವರು ತಂದಿದ್ದ ದುಃಖ ಬೆನ್ನುನೋವು. ಹೆಡ್ ಕ್ಲರ್ಕ್ ಪಕ್ಕದ ಮನೆಯ ನಾಯಿ ಬೊಗಳುವುದನ್ನು ತಂದಿದ್ದರು.

"ಏನಮ್ಮ ಇದು? ಸಾಹೇಬ್ರಿಗೇ ಬರೀ ಬೆನ್ನುನೋವು, ಟಪಾಲು ವಿಭಾಗಕ್ಕೆ ತಾಯಿ ಸಾವಾ?" ಎಂದರು ಹೆಡ್ ಕ್ಲರ್ಕ್. "ಸ್ವಲ್ಪ ಹಿಂದುಮುಂದು ನೋಡೋದು ಬೇಡ್ವಾ?"

"ಗೊತ್ತಾಗ್ಲಿಲ್ಲ ಸರ್."

ಹುದ್ದೆಗೆ ಮೀರಿದ ದುಃಖ ಹೊಂದುವುದು ಶಿಸ್ತಿಗೆ ಧಕ್ಕೆಯೆಂದು ಅಲ್ಲೇ ತೀರ್ಮಾನವಾಯಿತು. ಸೇವಾ ಹಿರಿತನದ ಮೇರೆಗೆ ತಾಯಿಯ ಸಾವನ್ನು ಸಾಹೇಬರಿಗೆ ಹಂಚಿಕೆ ಮಾಡಲಾಯಿತು. ಬೆನ್ನುನೋವು ಹೆಡ್ ಕ್ಲರ್ಕಿಗೆ ಇಳಿಯಿತು, ನಾಯಿ ಗುಮಾಸ್ತೆಗೆ ಬಂತು. ಅವಳ ಬೀದಿಯಲ್ಲಿ ನಾಯಿಯೇ ಇರಲಿಲ್ಲ. ಅದನ್ನು ಹೊಂದಿಸಿಕೊಳ್ಳುವುದು ನೌಕರರ ಜವಾಬ್ದಾರಿ.

ಸಾಹೇಬರು ಕೈಗೆತ್ತಿಕೊಂಡ ಕೆಲಸವನ್ನು ಅರೆಬರೆ ಮಾಡುವವರಲ್ಲ. ಗುಮಾಸ್ತೆಯನ್ನು ಕೋಣೆಗೆ ಕರೆಸಿ ಕೇಳಿದರು: "ನಮ್ಮ ತಾಯಿ ಹೇಗಿದ್ರಮ್ಮ?"

"ಆಫೀಸಿಗೆ ಫೋನ್ ಮಾಡಿ 'ಊಟ ಆಯ್ತಾ' ಅಂತಿದ್ರು ಸರ್. ಆಯ್ತು ಅಂದ್ರೂ ನಂಬ್ತಿರ್ಲಿಲ್ಲ. ಏನು ತಿಂದೆ, ಎಷ್ಟು ತಿಂದೆ ಅಂತ ಕೇಳೋರು. ನಾನು ರೇಗ್ತಿದ್ದೆ."

"ನೀನಲ್ಲ, ನಾನು" ಎಂದು ಸಾಹೇಬರು ತಿದ್ದಿದರು.

"ಹೌದು ಸರ್. ತಾವು ರೇಗ್ತಿದ್ರಿ."

ಮುಂದಿನ ಸಭೆಯಲ್ಲಿ ಸಾಹೇಬರು ಬಿಕ್ಕಿಬಿಕ್ಕಿ ಅತ್ತರು. ನಡುವೆ ಅವರ ಫೋನ್ ಹೊಡೆದುಕೊಂಡಿತು; ಮನೆಯಿಂದ ಅವರ ತಾಯಿ. "ಮೀಟಿಂಗ್‌ನಲ್ಲಿದೀನಮ್ಮ, ಆಮೇಲೆ ಮಾಡ್ತೀನಿ" ಎಂದು ಇಟ್ಟು, ಅಮ್ಮ ಹೋದ ದುಃಖವನ್ನು ಬಿಟ್ಟಲ್ಲಿಂದ ಮುಂದುವರಿಸಿದರು. ಹೆಡ್ ಕ್ಲರ್ಕ್ ಬೆನ್ನು ಹಿಡಿದುಕೊಂಡೇ ಕಣ್ಣೊರೆಸಿಕೊಂಡರು. ಗುಮಾಸ್ತೆಗೂ ಅಳು ಬಂತು. ಆದರೆ ನಾಯಿ ಬೊಗಳಿದ್ದಕ್ಕೆ ಅಷ್ಟೆಲ್ಲ ಅಳುವಂತಿಲ್ಲವಾದ್ದರಿಂದ ನುಂಗಿಕೊಂಡಳು. ಸಾಹೇಬರಿಗೆ ಶೋಕದ ರಜೆ ಮಂಜೂರಾಯಿತು.

ಸಂಜೆ ಮನೆಗೆ ಬಂದವಳ ಮುಖ ನೋಡಿ ತಂಗಿ, "ಏನಾಯ್ತಕ್ಕ?" ಎಂದಳು.

"ನಮ್ಮ ಸಾಹೇಬ್ರ ಅಮ್ಮ ಹೋಗಿಬಿಟ್ರು ಕಣೇ."

"ಅಯ್ಯೋ! ಹೇಗಿದ್ರಂತೆ ಅವ್ರು?"

ಗುಮಾಸ್ತೆ ಹೇಳುತ್ತ ಹೋದಳು. ಕನ್ನಡಕ ಹಣೆಯ ಮೇಲಿಟ್ಟುಕೊಂಡೇ ಮನೆಯೆಲ್ಲ ಹುಡುಕುತ್ತಿದ್ದದ್ದು, ಆಸ್ಪತ್ರೆಯಲ್ಲಿ ಮಲಗಿಯೂ ಇಬ್ಬರು ಹೆಣ್ಣುಮಕ್ಕಳಿಗೂ ಚಳಿಯಾಗುತ್ತದೆಂದು ತಮ್ಮ ಹೊದಿಕೆ ಕೊಟ್ಟದ್ದು. ಹೇಳುತ್ತ ಹೇಳುತ್ತ ಅವಳ ದುಃಖದ ಕಟ್ಟೆ ಒಡೆಯಿತು. ತಂಗಿಯೂ ಅವಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ಇಬ್ಬರೂ ಮನಸಾರೆ ಅತ್ತರು.

ಕೊನೆಗೆ ತಂಗಿ ಮೂಗೊರೆಸಿಕೊಂಡು ಎಂದಳು: "ನಾಳೆ ಹೋಗಿ ಸಾಹೇಬ್ರನ್ನ ಮಾತಾಡಿಸ್ಕೊಂಡು ಬರೋಣ ಅಕ್ಕ. ಪಾಪ, ತಾಯಿ ಇಲ್ಲದ ಮನುಷ್ಯ."